ಏರಿಗೆ ತಕ್ಕ ಕ್ಯಾಮು

ನಮ್ಮಕ್ಕನ ಕೆಲಸ ಗಾಡಿಗಳ ಸೀಟಿಗೆ ಕವರ್ ಹೊಲಿಯುವುದು. ಎಂಜಿನ್ನಿನೊಳಗೆ ತಲೆ ಹಾಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಬೇಡ ಎಂದು ಹೇಳಿದವರು ಮಾತ್ರ ಬೇಕಾದಷ್ಟು ಜನ ಇದ್ದರು, ಬಹುಶಃ ಅದಕ್ಕೇ ಹಾಕಿದಳು. ನಾನು ಆಕೆಯ ಒಡಹುಟ್ಟಿದ ತಂಗಿ. ಅದೇ ಅಂಗಡಿಯಲ್ಲಿ ಆಕೆಯ ಎದುರಿಗೆ ನಿಂತು ರೆಕ್ಸಿನ್ ಕತ್ತರಿಸುವವಳು. ಆದ್ದರಿಂದ ಈ ಕಥೆಯಲ್ಲಿ ಹೊಗಳಿಕೆ ಸ್ವಲ್ಪ ಜಾಸ್ತಿಯಾದರೆ ಯಾರೂ ಮೂಗು ಮುರಿಯಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಿರಾದರೆ ಅನ್ನಿ. ನಮ್ಮಕ್ಕ ಹೆಗ್ಗಣವಲ್ಲ, ಅಷ್ಟೇ.

ನಮ್ಮ ಓಣಿಯಲ್ಲಿ ಇರುವವರೆಲ್ಲ ಗಾಡಿ ಕೆಲಸದವರೇ. ಪಂಕ್ಚರ್ ಹಾಕುವವರು, ವೆಲ್ಡಿಂಗಿನವರು, ಬ್ಯಾಟರಿಯವರು, ಬಣ್ಣ ಹೊಡೆಯುವವರು. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಎಲ್ಲಾದರೂ ಒಂದು ಸುತ್ತಿಗೆ ಬಡಿಯುತ್ತಲೇ ಇರುತ್ತದೆ. ಮೂಲೆಯದು ನಮ್ಮ ಅಂಗಡಿ, ಅದರ ಹಿಂದೆಯೇ ಮನೆ. ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಅಟ್ಟದವರೆಗೆ ಪೇರಿಸಿದ ಫೋಮು, ನಡುವೆ ಉದ್ದನೆಯ ಕತ್ತರಿಸುವ ಮೇಜು, ಕಿಟಕಿಯ ಬೆಳಕಿಗೆ ದಪ್ಪ ಸೂಜಿಯ ಹೊಲಿಗೆ ಮೆಷಿನ್ನು. ಅಕ್ಕನನ್ನು ಓಣಿಯವರು ಕರೆಯುವುದು 'ಸೀಟ್ ಕವರ್ ಅಕ್ಕ' ಎಂದು. ಗಾಡಿ ಕಳಿಸುತ್ತೇನೆ, ಕವರ್ ಹಾಕಿಡಿ ಎಂದರೆ ಆಕೆ ಒಪ್ಪುವವಳಲ್ಲ. ಓಡಿಸುವವನೇ ಬಂದು ಸೀಟಿನ ಮೇಲೆ ಕೂರಬೇಕು, ಎರಡೂ ಕಾಲು ನೆಲಕ್ಕೆ ಊರಬೇಕು, ಹ್ಯಾಂಡಲ್ ಹಿಡಿಯಬೇಕು. ಟೇಪು ಹೊರಗೆ ಬರುವುದು ಆಮೇಲೆಯೇ. "ನಾನು ಹೊಲಿಯೋದು ಸೀಟಿಗಲ್ಲ, ಕೂರೋರಿಗೆ" ಎನ್ನುತ್ತಾಳೆ. ದೊಡ್ಡ ಮನುಷ್ಯರು ಎನಿಸಿಕೊಂಡವರೂ ನಮ್ಮ ಅಂಗಡಿಯ ಮುಂದೆ ಫೋಟೋಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತದ್ದನ್ನು ನೋಡಿದ್ದೇನೆ, ನೋಡಿ ಒಳಗೊಳಗೇ ನಕ್ಕಿದ್ದೇನೆ.

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮೊದಲು ಬೈಕು ಅವರದು. ಅಗಲ ಹ್ಯಾಂಡಲ್ಲು, ತಗ್ಗಿನ ಸೀಟು, ಉಂಡ ಹೊಟ್ಟೆಯಂಥ ಟ್ಯಾಂಕು ಇರುವ ದೊಡ್ಡ ಕ್ರೂಸರ್. ರಜೆ ಬಂತೆಂದರೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟುಬಿಡುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ "ರಸ್ತೆ ಇರೋವರೆಗೆ" ಎನ್ನುತ್ತಿದ್ದರು. ಕಳೆದ ವರ್ಷ ಅವರಿಗೆ ಒಂದು ಜ್ವರ ಬಂತು. ಜ್ವರವೇನೋ ಇಳಿಯಿತು, ಇಳಿಯುವಾಗ ಎರಡೂ ಕಾಲಿನ ಶಕ್ತಿಯನ್ನು ಜೊತೆಗೇ ಒಯ್ದಿತು. ಮನೆಗೆ ಗಾಲಿಕುರ್ಚಿ ಬಂತು. ಬೈಕು ಟಾರ್ಪಾಲು ಹೊದ್ದು ಗೋಡೆಯ ಪಕ್ಕ ನಿಂತಿತು. ನೋಡಲು ಬಂದವರೆಲ್ಲ ಮಾರಿಬಿಡಿ ಎಂದರು. ಅಕ್ಕ ಮಾರಲಿಲ್ಲ, ಓಡಿಸಲು ಕಲಿತಳು. ಬಿದ್ದಳು, ಮೊಣಕಾಲು ತರಚಿಕೊಂಡಳು, ಬಿದ್ದ ಗಾಡಿಯನ್ನು ಬೈದು ಎತ್ತಿ ನಿಲ್ಲಿಸಿ ಮತ್ತೆ ಹತ್ತಿದಳು.

ಆಮೇಲೆ ವೆಲ್ಡಿಂಗಿನವನ ಜೊತೆ ಜಗಳ ಆಡಿ ಆಡಿ ಬೈಕಿನ ಪಕ್ಕಕ್ಕೆ ಒಂದು ಸೈಡ್ ಕಾರ್ ಮಾಡಿಸಿದಳು. ಓಣಿಯವರ ಬಾಯಲ್ಲಿ ಅದು 'ತೊಟ್ಟಿಲು'. ಅದರ ಒಂದು ಬದಿ ಹಲಗೆಯ ಹಾಗೆ ಕೆಳಗಿಳಿಯುತ್ತದೆ. ಭಾವ ಗಾಲಿಕುರ್ಚಿಯನ್ನು ಅದಕ್ಕೆ ಒತ್ತಿ ನಿಲ್ಲಿಸಿ, ಕೈಬಲದಿಂದಲೇ ಜಾರಿ ಒಳಗೆ ಕೂರುತ್ತಾರೆ. ಕುರ್ಚಿ ಮಡಚಿ ಹಿಂದೆ ಸಿಕ್ಕಿಸಿದರೆ ಮುಗಿಯಿತು, ಅವರ ಮೈಯನ್ನು ಯಾರೂ ಮುಟ್ಟಬೇಕಿಲ್ಲ. ಆಟೋದಲ್ಲಿ ಕಳಿಸಬಾರದೇ ಎಂದು ಬುದ್ಧಿ ಹೇಳುವವರಿಗೆ ಇದು ಅರ್ಥವಾಗುವುದಿಲ್ಲ. ಆಟೋ ಹತ್ತಬೇಕಾದರೆ ಯಾರಾದರೂ ಕಂಕುಳಿಗೆ ಕೈ ಹಾಕಿ ಅವರನ್ನು ಎತ್ತಬೇಕು. ಅದು ಭಾವನಿಗೆ ಆಗದು.

ಶಾಲೆಯವರು ಒಳ್ಳೆಯವರು. ಭಾವನ ಕೆಲಸವನ್ನು ಹಾಗೇ ಉಳಿಸಿದರು, ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸಿದರು, ರಜೆ ಮುಗಿದು ಶಾಲೆ ತೆರೆದ ದಿನ ಬಂದುಬಿಡಿ ಎಂದರು. ಎಲ್ಲವೂ ಸರಿ. ಆದರೆ ಶಾಲೆ ಇರುವುದು ಗುಡ್ಡದ ನೆತ್ತಿಯಲ್ಲಿ, ನಾವಿರುವುದು ಬುಡದಲ್ಲಿ. ನಡುವೆ ಆ ಏರು.

ರಜೆಯಲ್ಲೇ ಒಂದು ಬೆಳಿಗ್ಗೆ ಅಕ್ಕ ಭಾವನನ್ನು ಕೂರಿಸಿಕೊಂಡು ಏರು ಹತ್ತಿಸಿ ನೋಡಲು ಹೋದಳು. ಅರ್ಧ ದಾರಿಯಲ್ಲಿ ಮೊಣಕೈ ಮಡಚಿದಂಥ ಒಂದು ತಿರುವು. ಅಲ್ಲಿ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಲೇಬೇಕು. ಇಳಿಸಿದ್ದೇ ತಡ, ಎಂಜಿನ್ ಬಿಕ್ಕಿ ನಿಂತುಬಿಟ್ಟಿತು. ಮತ್ತೆ ಸ್ಟಾರ್ಟ್ ಮಾಡಿದರೆ ಮತ್ತೆ ನಿಂತಿತು. ತಿರುವಿನ ಚಹಾ ಅಂಗಡಿಯಲ್ಲಿ ಕೂತಿದ್ದವರು ಲೋಟ ಕೆಳಗಿಟ್ಟು ಓಡಿಬಂದರು. ಒಳ್ಳೆಯ ಜನ. "ಎಷ್ಟು ಜನ ಬೇಕು ಅಂತ ಲೆಕ್ಕ ನೀವು ಹಾಕಿ ಮೇಷ್ಟ್ರೇ, ತಳ್ಳೋದು ನಮಗೆ ಬಿಡಿ!" ಎಂದು ನಗುತ್ತ ಕೈ ಹಚ್ಚಿದರು. ದಾರಿಯಲ್ಲಿ ಹೋಗುತ್ತಿದ್ದ ಭಾವನ ತರಗತಿಯ ಇಬ್ಬರು ಹುಡುಗಿಯರೂ ಬಂದು ಸೇರಿಕೊಂಡರಂತೆ. "ಸಾರ್, ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್" ಎಂದಳಂತೆ ಒಬ್ಬಳು.

ಮನೆಗೆ ಬಂದಮೇಲೆ ಭಾವ ಹೇಳಿದ್ದು ಇಷ್ಟೇ: "ನಾನು ಶಾಲೆಗೆ ಹೋಗಲ್ಲ. ಅವರಿಗೆ ಹೇಳ್ಬಿಡ್ತೀನಿ."

"ಯಾಕ್ರೀ?" ಎಂದಳು ಅಕ್ಕ.

"ದಿನಾ ಆ ಮಕ್ಕಳ ಕೈಲೇ ತಳ್ಳಿಸ್ಕೊಂಡು ಹೋಗಿ, ಆಮೇಲೆ ಅದೇ ಮಕ್ಕಳಿಗೆ ನಿನ್ನ ಲೆಕ್ಕ ತಪ್ಪು ಅಂತ ಹೇಳೋಕಾಗುತ್ತಾ? ಯಾವ ಮುಖ ಇಟ್ಕೊಂಡು ಹೇಳಲಿ? ಬಿಡು."

ಅಕ್ಕ ವಾದ ಮಾಡಲಿಲ್ಲ. ಆಕೆ ವಾದ ಮಾಡಲಿಲ್ಲವೆಂದರೆ ಮನಸ್ಸಿನಲ್ಲಿ ಏನೋ ಹಟ ಕಟ್ಟಿದ್ದಾಳೆ ಎಂದೇ ಅರ್ಥ. ತಳ್ಳಿಸಿಕೊಂಡು ಬಂದ ಸಂಗತಿ ಓಣಿಯಲ್ಲಿ ಯಾರ ಕಿವಿಗೂ ಬೀಳಕೂಡದು ಎಂದು ನನ್ನ ಬಾಯಿಗೆ ಬೀಗ ಹಾಕಿದಳು. ಗಂಡನ ಮಾನ ಓಣಿಯ ಪಾಲಾಗುವುದು ಆಕೆಗೆ ಬೇಡವಾಗಿತ್ತು. ಮುಂದಿನ ಎಡವಟ್ಟಿಗೆಲ್ಲ ಈ ಬೀಗವೇ ಕಾರಣ.

ಓಣಿಯ ತುದಿಯಲ್ಲಿ ಕಿವಿ ಮೇಸ್ತ್ರಿಯ ಗ್ಯಾರೇಜು. ಗಾಡಿ ಬಿಚ್ಚುವ ಮೊದಲು ಕಣ್ಣು ಮುಚ್ಚಿ, ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳುತ್ತಾರೆ, ಅದಕ್ಕೇ ಆ ಹೆಸರು. ನಿಜ ಹೇಳಬೇಕೆಂದರೆ ಆ ಕಿವಿಗೆ ಎಂಜಿನ್ನಿನ ಮಾತು ಕೇಳಿಸುವಷ್ಟು ಮನುಷ್ಯರ ಮಾತು ಕೇಳಿಸುವುದಿಲ್ಲ. ಅಕ್ಕ ಹೋಗಿ "ಗಾಡಿಗೆ ದಮ್ಮಿಲ್ಲ ಮೇಸ್ತ್ರಿ, ಬಲ ಬರಬೇಕು" ಎಂದಳು. ಏರಿನ ಸುದ್ದಿ ಎತ್ತಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿದರು, ಕೇಳಿದರು, "ಕ್ಯಾಮು ಸವೆದಿದೆ" ಎಂದರು. ಬಿಚ್ಚಿದರೆ ಹಾಗೇ ಇತ್ತು.

ಕ್ಯಾಮು ಎಂದರೆ ಎಂಜಿನ್ನಿನೊಳಗೆ ತಿರುಗುವ ಒಂದು ಉಕ್ಕಿನ ದಂಡ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಉಬ್ಬು ಬಂದಾಗ ವಾಲ್ವು ಎಂಬ ಪುಟ್ಟ ಬಾಗಿಲು ತೆರೆಯುತ್ತದೆ, ಉಬ್ಬು ದಾಟಿದಾಗ ಮುಚ್ಚುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವುದು, ಹೊಗೆ ಬಿಡುವುದು ಎಲ್ಲ ಇದರ ಹತೋಟಿಯಲ್ಲಿ. ಹೇಗೂ ಹೊಸದು ಹಾಕಬೇಕು, ಒಳ್ಳೆಯದನ್ನೇ ಹಾಕೋಣ ಎಂದು ಮೇಸ್ತ್ರಿ ಬೆಂಚಿನ ಮೇಲೆ ಮೂರು ಕ್ಯಾಮು ಸಾಲಾಗಿಟ್ಟರು.

"ಇದು ಕಂಪನಿದು, ಇದ್ದ ಹಾಗೇ ಇರುತ್ತೆ. ಇದು ಭಾರ ಹೊರೋರು ಹಾಕಿಸ್ಕೊಳ್ಳೋದು, ನಿಮಗ್ಯಾಕೆ. ಇದು ಇದೆಯಲ್ಲ ಅಕ್ಕಾ," ಎಂದು ಮೂರನೆಯದರ ಮೇಲಿನ ಬಟ್ಟೆಯನ್ನು ಕೂಸಿನ ಮುಖ ತೋರಿಸುವವರಂತೆ ಸರಿಸಿದರು, "ಇದರ ಲಿಫ್ಟೇ ಬೇರೆ!"

"ಲಿಫ್ಟ್ ಜಾಸ್ತಿನಾ?"

"ಜಾಸ್ತಿ ಅಂದ್ರೆ? ನಿಮ್ಮ ಗಾಡಿಗೆ ಇದಕ್ಕಿಂತ ಜಾಸ್ತಿ ಲಿಫ್ಟ್ ಇರೋದು ಎಲ್ಲೂ ಸಿಗಲ್ಲ."

"ಹಾಗಾದ್ರೆ ಅದನ್ನೇ ಹಾಕಿ" ಎಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ.

ಹಾಕಿ ಸ್ಟಾರ್ಟ್ ಮಾಡಿದ ದಿನ ಓಣಿಯ ಸುತ್ತಿಗೆಗಳೆಲ್ಲ ನಿಂತವು. ಏನು ಸದ್ದು ಅದು! ನಿಂತಲ್ಲೇ ಗಾಡಿ ಡುಗ್, ಡುಡುಗ್, ಡುಗ್ ಎಂದು ಎದೆಗೆ ಗುದ್ದಿದಂತೆ ಮಾತಾಡುತ್ತಿತ್ತು. ಬಣ್ಣದವನು ಬ್ರಷ್ ಹಿಡಿದುಕೊಂಡೇ ಹೊರಗೆ ಬಂದ. ಮೇಸ್ತ್ರಿಯ ಮುಖ ಊರಗಲವಾಗಿತ್ತು. ಅಕ್ಕ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದಳು, ಗಾಡಿ ಹಾರುತ್ತಿತ್ತು. ಮನೆಯ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಭಾವನ ಕಣ್ಣುಗಳು ಹೊಳೆದವು. "ಇಂಥ ಸದ್ದು ನನ್ನ ಕಾಲದಲ್ಲೂ ಇರಲಿಲ್ಲ ಕಣೆ!" ಎಂದರು. ಅವರು ಮನಸಾರೆ ಏನನ್ನಾದರೂ ಮೆಚ್ಚಿ ಎಷ್ಟು ದಿನವಾಗಿತ್ತೋ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಭಾವನನ್ನು ಮತ್ತೆ ಕರೆದೊಯ್ಯುವ ಮೊದಲು ಏರನ್ನು ಪರೀಕ್ಷೆ ಮಾಡಬೇಕಲ್ಲ. ಅವರ ತೂಕಕ್ಕೆ ಯಾರು? ಮನೆಯಲ್ಲಿ ಇರುವವಳು ನಾನೊಬ್ಬಳೇ. ನನ್ನ ತೂಕ ಸಾಲದೆಂದು ಅಕ್ಕ ಹಳೆಯ ಹೊಲಿಗೆ ಮೆಷಿನ್ನಿನ ಕಬ್ಬಿಣದ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ಹೆಣ್ಣುಮಗಳ ತೂಕ ಸಾಲದು ಎಂದು ಯಾರಾದರೂ ಅಂದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಹೊರಟೆವು. ತಿರುವಿಗೆ ಬಂದೆವು, ಅಕ್ಕ ವೇಗ ಇಳಿಸಿದಳು. ಎಂಜಿನ್ ಕೆಮ್ಮಿತು, ಇಡೀ ಗಾಡಿ ಚಳಿಜ್ವರ ಬಂದವರ ಹಾಗೆ ನಡುಗಿತು, ನಿಂತಿತು. ಮೊದಲಿಗಿಂತ ಬೇಗನೇ ನಿಂತಿತು! ಚಹಾ ಅಂಗಡಿಯವರು ಲೋಟ ಕೆಳಗಿಟ್ಟರು. ಕಬ್ಬಿಣದ ಮೆಷಿನ್ನನ್ನು ಅಪ್ಪಿಕೊಂಡು ಕೂತ ನನ್ನನ್ನು ನೋಡಿ ಒಬ್ಬ "ಇದ್ಯಾವ ಹೊಸಾ ಮೇಷ್ಟ್ರು?" ಎಂದ. ಅವನಿಗೆ ಏನು ಉತ್ತರ ಕೊಟ್ಟೆ ಎಂಬುದು ಇಲ್ಲಿ ಬರೆಯುವಂಥದ್ದಲ್ಲ.

ಸೀದಾ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯ ಚಳಿ ಬಿಡಿಸಿದೆ. "ಏನು ಮೇಸ್ತ್ರಿ, ಏರು ಹತ್ತೋಕೆ ಅಂತ ಗಾಡಿ ಕೊಟ್ರೆ ನೀವು ಮೆರವಣಿಗೆಗೆ ರೆಡಿ ಮಾಡಿದ್ದೀರಲ್ಲ!"

"ಏರಾ? ಯಾವ ಏರು? ಏರು ಅಂತ ನನಗೆ ಯಾರು ಹೇಳಿದ್ರಮ್ಮ? ಮುಂಚಿನ ಹಾಗೆ ದೂರ ಹೋಗೋಕೆ ಅಂದ್ಕೊಂಡೆ."

"ಲಿಫ್ಟ್ ಜಾಸ್ತಿ ಅಂದ್ರಲ್ಲ ನೀವೇ!" ಎಂದಳು ಅಕ್ಕ.

"ಹೌದ್ರೀ, ಈಗಲೂ ಹೇಳ್ತೀನಿ. ಲಿಫ್ಟ್ ಜಾಸ್ತಿನೇ."

"ಮತ್ತೆ ಏರಲ್ಲಿ ಯಾಕೆ ಎತ್ತಲಿಲ್ಲ?"

ಮೇಸ್ತ್ರಿ ಅಕ್ಕನನ್ನೇ ನೋಡಿದರು. ಸ್ಪ್ಯಾನರ್ ಕೆಳಗಿಟ್ಟರು. "ಅಕ್ಕಾ," ಎಂದರು ಮೆಲ್ಲಗೆ, "ಅದು ಎತ್ತೋದು ವಾಲ್ವನ್ನ. ಗಾಡೀನಲ್ಲ."

ನಮ್ಮ ಮಾತಿನಲ್ಲಿ ಲಿಫ್ಟ್ ಎಂದರೆ ಒಂದೋ ಆಸ್ಪತ್ರೆಯ ಮಹಡಿಗೆ ಜನರನ್ನು ಎತ್ತಿಕೊಂಡು ಹೋಗುವ ಪೆಟ್ಟಿಗೆ, ಇಲ್ಲವೇ ದಾರಿಯಲ್ಲಿ ನಡೆದು ಹೋಗುವವರನ್ನು ಗಾಡಿ ಹತ್ತಿಸಿಕೊಳ್ಳುವ ಉಪಕಾರ. ಗಂಡನನ್ನು ಗುಡ್ಡದ ಮೇಲೆ ಮುಟ್ಟಿಸಬೇಕಾದವಳು ಲಿಫ್ಟ್ ಜಾಸ್ತಿ ಇರುವುದನ್ನು ಕೇಳದೆ ಇನ್ನೇನು ಕೇಳುತ್ತಾಳೆ? ಆದರೆ ಇಷ್ಟು ಯೋಚಿಸಿದ್ದು ಆಮೇಲೆ. ಆ ಹೊತ್ತಿಗೆ ನನಗೆ ನಗು ತಡೆಯಲಾಗಲಿಲ್ಲ. ಅಕ್ಕನ ಕಿವಿ ಕೆಂಪಾದವು.

"ವಾಲ್ವನ್ನ ಎಷ್ಟು ಎತ್ತುತ್ತೆ?" ಎಂದು ಕೇಳಿದಳು.

ಮೇಸ್ತ್ರಿ ಕಿರುಬೆರಳಿನ ಉಗುರು ತೋರಿಸಿದರು. "ಇಷ್ಟು."

"ಇಷ್ಟಕ್ಕೆ ಇಷ್ಟು ದೊಡ್ಡ ಮಾತಾ!" ಎಂದು ಅಕ್ಕನೂ ನಕ್ಕುಬಿಟ್ಟಳು. ಮೇಸ್ತ್ರಿ ಇಂಗು ತಿಂದ ಮಂಗನಂತೆ ನಿಂತಿದ್ದರು. "ಎಲ್ಲಿ ಓಡಿಸ್ತೀರಿ ಅಂತ ನಾನು ಕೇಳಬೇಕಿತ್ತು" ಎಂದರು ಕೊನೆಗೆ. "ನಾನೂ ಹೇಳಬೇಕಿತ್ತು ಬಿಡಿ" ಎಂದಳು ಅಕ್ಕ. ಊರಿನವರನ್ನೆಲ್ಲ ಕೂರಿಸಿ ಅಳತೆ ತೆಗೆಯುವವಳು ತನ್ನ ಅಳತೆಯನ್ನೇ ಬಚ್ಚಿಟ್ಟಿದ್ದಳಲ್ಲ ಎಂದು ನಾನು ಚುಚ್ಚಿದೆ. ನನಗೂ ಒಂದು ಬಿತ್ತು, ಬೆನ್ನ ಮೇಲೆ.

ಸಂಜೆ ಭಾವನಿಗೆ ವಿಷಯ ತಿಳಿಯಿತು. ಕ್ಯಾಮು ಬದಲಾಯಿಸುವ ಮಾತು ಬಂದಾಗ ಅವರು ಕೈ ಎತ್ತಿ ತಡೆದರು. "ಬೇಡ. ಅದನ್ನ ಹಾಗೇ ಇಟ್ಕೋ. ಎಷ್ಟು ಚೆನ್ನಾಗಿದೆ ಸದ್ದು! ನಾನು ಹೇಗೂ ಶಾಲೆಗೆ ಹೋಗಲ್ಲ. ನೀನು ಓಡಿಸ್ಕೊಂಡು ಓಡಾಡು. ನಾನು ಇಲ್ಲಿ ಕೂತು ಕೇಳ್ತೀನಿ, ಸಾಕು." ನಿಜವಾದ ಪ್ರೀತಿಯಿಂದಲೇ ಹೇಳಿದರು, ಅದೇ ಕಷ್ಟ. ಕೋಪದಿಂದ ಹೇಳಿದ್ದರೆ ಉತ್ತರ ಕೊಡಬಹುದಿತ್ತು.

ಅಕ್ಕ ಸುಳ್ಳು ಹೇಳುವವಳಲ್ಲ. ಆ ಸದ್ದಿನ ಮೇಲೆ ಆಕೆಗೂ ಜೀವ ಹೋಗುವಷ್ಟು ಆಸೆ ಇತ್ತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಗಾಡಿ ತೆಗೆದುಕೊಂಡು ಒಬ್ಬಳೇ ಸಪಾಟು ರಸ್ತೆಗೆ ಹೋದಳು. ದೂರದಿಂದ ಆ ಗುಡುಗು ಹೋಗುವುದು, ತಿರುಗಿ ಬರುವುದು ನಮಗೆ ಕೇಳುತ್ತಿತ್ತು. ಬಂದಾಗ ಕೂದಲೆಲ್ಲ ಕೆದರಿತ್ತು, ಕಣ್ಣು ಗಾಳಿಗೆ ಕೆಂಪಾಗಿದ್ದವು. ಮುಖ ತೊಳೆದುಕೊಂಡು ಬಂದು ಭಾವನ ಮುಂದೆ ನಿಂತಳು. "ರೀ, ಒಬ್ಬಳೇ ಓಡಿಸೋ ಗಾಡಿ ನನಗೆ ಬೇಡ" ಎಂದಳು.

ಮರುದಿನ ಅಕ್ಕ ತನ್ನ ವಿದ್ಯೆಗೆ ಕೈ ಹಾಕಿದಳು. ತೊಟ್ಟಿಲಿಗೆ ಆ ಮೆಷಿನ್ ತಲೆಯನ್ನು, ನನ್ನನ್ನು ತುಂಬಿಕೊಂಡು ಏರಿಗೆ ಹೋದಳು, ಜೇಬಿನಲ್ಲಿ ದರ್ಜಿಯ ಸೀಮೆಸುಣ್ಣದ ಬಿಲ್ಲೆ. ಎಂಜಿನ್ ಯಾವಾಗ ಬಿಕ್ಕಲು ಶುರುಮಾಡುತ್ತದೋ ಆಗ ಸ್ಪೀಡೋಮೀಟರಿನ ಮುಳ್ಳು ಎಲ್ಲಿತ್ತೋ ಅಲ್ಲಿ ಗಾಜಿನ ಮೇಲೆ ಒಂದು ಗೆರೆ. ತಿರುವು ದಾಟಿ ಮೇಲೆ ಎಷ್ಟು ವೇಗಕ್ಕಿಂತ ಜಾಸ್ತಿ ಹೋಗುವ ಅಗತ್ಯವೇ ಇಲ್ಲವೋ ಅಲ್ಲಿ ಇನ್ನೊಂದು ಗೆರೆ. ತಳ್ಳುವವರು ಬಂದರೆ ಬಂದರು, ಈ ಸಲ ಆಕೆಗೆ ನಾಚಿಕೆ ಇರಲಿಲ್ಲ. ಅಳತೆ ತೆಗೆಯುವಾಗ ಅಕ್ಕನಿಗೆ ಸುತ್ತಲ ಪ್ರಪಂಚ ಕಾಣುವುದಿಲ್ಲ.

ಆಮೇಲೆ ಮೇಸ್ತ್ರಿಯನ್ನು ಮೂರೂ ಕ್ಯಾಮಿನ ಪೆಟ್ಟಿಗೆಗಳ ಸಮೇತ ನಮ್ಮ ಅಂಗಡಿಗೆ ಕರೆಸಿದಳು. ಗಾಡಿಯ ಗಾಜು ತೋರಿಸಿದಳು. "ನೋಡಿ ಮೇಸ್ತ್ರಿ, ಈ ಗೆರೆಯಿಂದ ಆ ಗೆರೆ. ನನಗೆ ಬಲ ಬೇಕಾಗಿರೋದು ಇಷ್ಟರೊಳಗೇ. ಇದರಾಚೆ ಏನು ಸಿಕ್ಕಿದ್ರೂ ನನಗೆ ಬೇಡ."

"ಇಷ್ಟು ಕೆಳಗಾ? ಹಾಗಾದ್ರೆ ನಾನು ಹಾಕಿದ್ದು ತಪ್ಪೇ ಬಿಡಿ. ಅದು ಮೇಲೆ ಉಸಿರಾಡೋದು."

"ಅಂದ್ರೆ?"

"ಅಂದ್ರೆ... ಮೇಲೆ ಉಸಿರಾಡುತ್ತೆ. ಕಿವಿಗೆ ಗೊತ್ತಾಗುತ್ತೆ ಅಕ್ಕಾ, ಬಾಯಿಗೆ ಬರಲ್ಲ."

"ಬಾಯಿಗೆ ಬರೋವರೆಗೆ ನಾನು ಹಾಕಿಸಲ್ಲ" ಎಂದು ಅಕ್ಕ ಕೂತುಬಿಟ್ಟಳು. ಒಮ್ಮೆ ಲಿಫ್ಟ್ ಎಂಬ ಮಾತಿಗೆ ಮೋಸಹೋದವಳು. ಆಕೆ ಬಿಡಿಸಿ ಹೇಳಿ ಎನ್ನುತ್ತಾಳೆ, ಅವರು ಸದ್ದು ಕೇಳಿ ಎನ್ನುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರದೂ ನಡೆಯಿತು. ಭಾವ ಮೂಲೆಯಲ್ಲಿ ಪೇಪರ್ ಹಿಡಿದುಕೊಂಡು ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕೂತಿದ್ದರು. ಪುಟ ಮಾತ್ರ ತಿರುವುತ್ತಿರಲಿಲ್ಲ.

"ಆ ಪೆಟ್ಟಿಗೆಗಳನ್ನ ಕೊಡಿ ಇಲ್ಲಿ" ಎಂದರು ಕೊನೆಗೆ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ, ವಾಲ್ವು ಯಾವ ಕೋನದಲ್ಲಿ ತೆರೆದು ಮುಚ್ಚುತ್ತದೆಂಬ ಡಿಗ್ರಿಗಳನ್ನು ಓದಿದರು. "ತೆರೆಯೋದರಲ್ಲಿ ಅಷ್ಟೇನೂ ಫರಕಿಲ್ಲ. ಮುಚ್ಚೋ ಡಿಗ್ರಿನೇ ಮೂರಕ್ಕೂ ಬೇರೆ ಬೇರೆ. ಮೇಸ್ತ್ರಿ, ಇದು ಮುಚ್ಚೋವಾಗ ಪಿಸ್ಟನ್ ಎಲ್ಲಿರುತ್ತೆ?"

ಮೇಸ್ತ್ರಿ ಒಂದು ಮುಷ್ಟಿಯನ್ನು ಪಿಸ್ಟನ್ ಎಂದುಕೊಂಡು ಇನ್ನೊಂದು ಅಂಗೈಯೊಳಗೆ ಮೇಲೆ ಕೆಳಗೆ ಆಡಿಸಿ ತೋರಿಸಿದರು. ಭಾವ ನೋಡಿದರು, ಮತ್ತೊಮ್ಮೆ ಮಾಡಿ ಎಂದರು. ಅವರ ಕೈ ಮೇಜಿನ ಮೇಲೆ ತಡಕಾಡಿತು. ನಾನು ಸೀಮೆಸುಣ್ಣ ಕೊಟ್ಟೆ. ಮೇಜಿನ ಮೇಲೆ ಕತ್ತರಿಸಲು ಹಾಸಿದ್ದ ಕಪ್ಪು ರೆಕ್ಸಿನ್ ಇತ್ತು. ಅದರ ಮೇಲೆ ಭಾವ ಕೈಯೆತ್ತದೆ ಒಂದು ವೃತ್ತ ಎಳೆದರು, ಕೈವಾರ ಇಟ್ಟು ಎಳೆದಂತೆ.

"ನೋಡಿ. ಪಿಸ್ಟನ್ ಕೆಳಗೆ ಹೋಗ್ತಾ ಗಾಳಿ ಪೆಟ್ರೋಲ್ ಒಳಗೆ ಎಳ್ಕೊಳ್ಳುತ್ತೆ. ಇಲ್ಲಿ ತಳ ಮುಟ್ತು. ಈಗ ಮೇಲೆ ಬರೋಕೆ ಶುರು. ಆದರೂ ವಾಲ್ವು ಇನ್ನೂ ತೆರೆದೇ ಇದೆ, ಈ ದೊಡ್ಡ ಕ್ಯಾಮಲ್ಲಿ ಇಲ್ಲೀವರೆಗೆ. ಎಂಜಿನ್ ಜೋರಾಗಿ ತಿರುಗೋವಾಗ ಗಾಳಿ ನುಗ್ತಾ ಇರುತ್ತೆ, ಬಾಗಿಲು ತೆರೆದಿದ್ರೆ ಲಾಭ. ನಿಧಾನಕ್ಕೆ ತಿರುಗೋವಾಗ? ಹೇಳು" ಎಂದು ಸೀಮೆಸುಣ್ಣದ ತುದಿಯನ್ನು ನನ್ನತ್ತ ತೋರಿಸಿದರು.

ನನಗಿಂತ ಮೊದಲೇ ಅಕ್ಕ ಹೇಳಿದಳು: "ಪಿಸ್ಟನ್ ಮೇಲೆ ಬರ್ತಾ ಅದನ್ನೆಲ್ಲ ವಾಪಸ್ ಹೊರಗೆ ತಳ್ಳುತ್ತೆ!"

"ಸರಿ. ಅದಕ್ಕೇ ಬಿಕ್ಕೋದು. ಬಂದ ನೆಂಟರು ಕೂರೋಕೆ ಮುಂಚೆ ಹೊರಗೆ ಹೋದ ಹಾಗೆ."

"ಅದೇ! ಅದೇ ನಾನು ಹೇಳಿದ್ದು, ಸ್ಪೀಡು ಮೇಲೇರಿದಾಗಲೇ ಉಸಿರಾಡುತ್ತೆ ಅಂತ!" ಎಂದು ಮೇಸ್ತ್ರಿ ಮೇಜು ಕುಟ್ಟಿದರು. ಕಿವಿ ಕೇಳಿದ್ದನ್ನೇ ವೃತ್ತವೂ ಹೇಳುತ್ತಿತ್ತು. ಹಾಗಾದರೆ ಅಕ್ಕನ ಎರಡು ಗೆರೆಗಳ ನಡುವೆ ಬಲ ಬರಬೇಕಾದರೆ ವಾಲ್ವು ಬೇಗ ಮುಚ್ಚಬೇಕು. ಮೂರರಲ್ಲಿ ಎಲ್ಲಕ್ಕಿಂತ ಬೇಗ ಮುಚ್ಚುವುದು ಯಾವುದೆಂದರೆ ಮೇಸ್ತ್ರಿ ಮೊದಲ ದಿನ 'ಭಾರ ಹೊರೋರದ್ದು, ನಿಮಗ್ಯಾಕೆ' ಎಂದು ಬದಿಗೆ ಸರಿಸಿದ್ದ ಆ ನಡುವಿನ ಕ್ಯಾಮು. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದಳು, ಹೊಲಿಗೆ ಸಾಲು ಮುಟ್ಟಿ ನೋಡುವಂತೆ. "ಇದು" ಎಂದಳು. ಭಾವ ಸೀಮೆಸುಣ್ಣ ಹಿಡಿದ ಕೈಯನ್ನು ಕೆಳಗಿಳಿಸಿರಲಿಲ್ಲ. ತಾವು ಪಾಠ ಮಾಡಿದ್ದು ಅವರಿಗೆ ಆಗ ಅರಿವಿಗೆ ಬಂತೋ ಏನೋ, ಸೀಮೆಸುಣ್ಣವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

ಓಣಿಯೇ ಎದುರು ನಿಂತಿತು. ಅಂಥ ಸದ್ದು ತೆಗೆಸಿ ಯಾರಾದರೂ ಇದನ್ನು ಹಾಕಿಸುತ್ತಾರಾ? ಬಣ್ಣದವನು ನಮ್ಮ ಅಂಗಡಿಗೆ ಬಂದು ಸಾವಿನ ಮನೆಗೆ ಬಂದವನ ಹಾಗೆ ಮಾತಾಡಿದ. ಬ್ಯಾಟರಿಯವನು ಹೆಂಗಸರಿಗೆ ಗಾಡಿ ಬಗ್ಗೆ ಏನು ಗೊತ್ತು ಎಂದನಂತೆ. ಎದುರಿಗೆ ಹೇಳಲಿಲ್ಲ, ಅಷ್ಟು ಬುದ್ಧಿ ಇತ್ತು ಅವನಿಗೆ. ಅಕ್ಕ ಯಾರಿಗೂ ವಿವರಿಸಲು ಹೋಗಲಿಲ್ಲ. ಮೇಸ್ತ್ರಿ ದೊಡ್ಡ ಕ್ಯಾಮು ಬಿಚ್ಚಿ ಹೊಸದು ಹಾಕುವಾಗ ಪಕ್ಕದಲ್ಲೇ ನಿಂತು, ಹಲ್ಲಿಗೆ ಹಲ್ಲು, ಗುರುತಿಗೆ ಗುರುತು ಕೂತಿದೆಯೇ ಎಂದು ಬಗ್ಗಿ ನೋಡಿದಳು. ಸ್ಟಾರ್ಟ್ ಮಾಡಿದಾಗ ಗಾಡಿ ದುಡು ದುಡು ಎಂದು ಸಾಧುವಾಗಿ ನಿಂತಿತು. ಯಾರೂ ಹೊರಗೆ ಬರಲಿಲ್ಲ. ಮೇಸ್ತ್ರಿ ಮಾತ್ರ ಕಣ್ಣು ಮುಚ್ಚಿ ತಲೆ ವಾಲಿಸಿ ಬಹಳ ಹೊತ್ತು ಕೇಳಿದರು. "ಇದು ಮಾತಾಡೋದಲ್ಲ ಅಕ್ಕಾ, ದುಡಿಯೋದು" ಎಂದರು.

ಶಾಲೆ ತೆರೆದ ದಿನ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಿಗೆ ಬಂದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕುರ್ಚಿಯನ್ನು ತೊಟ್ಟಿಲಿಗೆ ಒತ್ತಿ ನಿಲ್ಲಿಸಿ ಜಾರಿ ಕೂತರು. "ತಿರುವಲ್ಲಿ ನಿಂತ್ರೆ ಅಲ್ಲಿಂದಲೇ ವಾಪಸ್" ಎಂದರು.

"ಆಯ್ತು" ಎಂದಳು ಅಕ್ಕ. ನನ್ನ ಕಡೆ ತಿರುಗಿ, "ನೀನೂ ಹತ್ತು" ಎಂದಳು.

"ನಾನ್ಯಾಕೆ? ಭಾರ ಜಾಸ್ತಿಯಾಗಲ್ವಾ?"

"ಹತ್ತು ಅಂದ್ರೆ ಹತ್ತು."

ಇದೇ ನಮ್ಮಕ್ಕ. ಬೇರೆಯವರಾಗಿದ್ದರೆ ಆ ದಿನ ಕಿಸೆಯ ಕರ್ಚೀಫನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ನಾನು ಹಿಂದೆ ಕೂತೆ, ಆಕೆಯ ಸೊಂಟ ಹಿಡಿದುಕೊಂಡೆ. ಏರಿನ ತುಂಬ ಶಾಲೆಗೆ ಹೋಗುವ ಮಕ್ಕಳು. "ಸಾರ್ ಬಂದ್ರು, ಸಾರ್ ಬಂದ್ರು" ಎಂಬ ಕೂಗು ನಮಗಿಂತ ಮುಂದೆ ಓಡುತ್ತಿತ್ತು. ಭಾವ ಯಾರ ಕಡೆಗೂ ನೋಡದೆ ಎರಡೂ ಕೈಯಲ್ಲಿ ತೊಟ್ಟಿಲ ಅಂಚು ಹಿಡಿದಿದ್ದರು.

ತಿರುವು ಬಂತು. ಅಕ್ಕ ವೇಗ ಇಳಿಸಿದಳು. ಚಹಾ ಅಂಗಡಿಯವರು ಲೋಟ ಕೆಳಗಿಟ್ಟು ರಸ್ತೆಗೆ ಬಂದರು, ಕೈಗಳನ್ನು ಮುಂದಕ್ಕೆ ಚಾಚಿಕೊಂಡು. ಗಾಡಿ ನಡಿಗೆಗಿಂತ ನಿಧಾನವಾಯಿತು. ಎಂಜಿನ್ನಿನ ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳುತ್ತಿತ್ತು: ದುಡ್, ದುಡ್, ದುಡ್. ಇನ್ನೇನು ಬಿಕ್ಕುತ್ತದೆ ಎಂದುಕೊಂಡೆ. ಬಿಕ್ಕಲಿಲ್ಲ. ಅಕ್ಕ ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿದಳು, ಅಷ್ಟೇ. ಗಾಡಿ ಮೂವರನ್ನೂ ಕುರ್ಚಿಯನ್ನೂ ಹೊತ್ತುಕೊಂಡು, ಯಾರ ಹಂಗೂ ಇಲ್ಲದೆ, ತಿರುವನ್ನು ಮೆಲ್ಲಗೆ ಸುತ್ತಿ ಮೇಲಕ್ಕೆ ಎಳೆಯಿತು. ತಳ್ಳಲು ಬಂದವನೊಬ್ಬ ಕೈ ಚಾಚಿಕೊಂಡೇ ನಮ್ಮ ಹಿಂದೆ ನಾಲ್ಕು ಹೆಜ್ಜೆ ನಡೆದ.

"ಚಹಾ ಆರಿಹೋಗುತ್ತೆ, ಹೋಗಿ ಕುಡೀರಣ್ಣಾ!" ಎಂದು ಕೂಗಿದಳು ಅಕ್ಕ.

ಅವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಈ ಬೆನ್ನು ನನ್ನ ಅಕ್ಕನದು ಎಂದು ಆ ಏರಿನ ಮೇಲೆ ನಿಂತು ಕೂಗಿ ಹೇಳಬೇಕೆನಿಸಿತು.

ಶಾಲೆಯ ಮುಂದೆ ಭಾವ ಹಲಗೆ ಇಳಿಸಿಕೊಂಡು ಕುರ್ಚಿಗೆ ಜಾರಿದರು. ಅಕ್ಕನ ಕಡೆ ಒಮ್ಮೆ ನೋಡಿದರು, ಗಂಟೆ ಹೊಡೆಯಿತು. ಇಳಿಜಾರಿನಲ್ಲಿ ತಾವೇ ಚಕ್ರ ತಿರುಗಿಸಿಕೊಂಡು ಮೇಲೆ ಹೋಗಿ ಬಾಗಿಲೊಳಗೆ ಮರೆಯಾದರು.

"ನಡಿ, ಅಂಗಡಿ ತೆಗೀಬೇಕು" ಎಂದೆ. ಅಕ್ಕ ಅಲುಗಲಿಲ್ಲ. ತರಗತಿಯ ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಾನೂ ನಿಂತೆ. ಒಳಗೆ ಬೆಂಚುಗಳ ಸದ್ದು, ಮಕ್ಕಳ ಗುಜುಗುಜು. ಭಾವನ ದನಿ ಇಲ್ಲ. ಜ್ವರ ಬಿಟ್ಟ ಮೇಲೆ ಅವರು ಯಾರ ಮೇಲೂ ದನಿ ಎತ್ತಿರಲಿಲ್ಲ. ನೀರು ಕೊಟ್ಟರೂ ಕ್ಷಮಿಸಿ ಎನ್ನುವವರ ಹಾಗೆ ಮಾತಾಡುತ್ತಿದ್ದರು, ನಮ್ಮ ಮನೆಯಲ್ಲೇ ನೆಂಟರಾಗಿಬಿಟ್ಟಿದ್ದರು.

"ಏನಿದು?" ಕಿಟಕಿಯ ಸರಳುಗಳು ನಡುಗುವಂತೆ ಒಳಗಿಂದ ದನಿ ಬಂತು. "ಮೊದಲನೇ ಸಾಲೇ ತಪ್ಪು! ರಜೆಯಲ್ಲಿ ತಲೆಯನ್ನ ಅಡ ಇಟ್ಟಿದ್ರಾ ಎಲ್ಲರೂ? ಅಳಿಸು! ಅಳಿಸಿ ಮತ್ತೆ ಬರಿ!"

ಅಕ್ಕ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖದ ತುಂಬ ನಗು.

"ಬೈತಿದ್ದಾರೆ ಕಣೆ!" ಎಂದಳು. "ಕೇಳಿಸ್ತಾ? ಬೈತಿದ್ದಾರೆ!"